ಉಕ್ಕುಹದ್ದಿನ ಸಿಳ್ಳೆ

ಇದು ಅಪ್ಪನ ಸಿಳ್ಳೆಯೇ, ಅಥವಾ ಹಾಗೆಂದುಕೊಳ್ಳಲು ತನಗೆ ಆಸೆಯೇ? ತಿಪ್ಪೇಶನಿಗೆ ತಿಳಿಯಲಿಲ್ಲ. ದಾವಣಗೆರೆಯ ಥಿಯೇಟರಿನ ಪರದೆಯ ಮೇಲೆ ‘ಉಕ್ಕುಹದ್ದು ಭಾಗ ಎರಡ’ರ ನಾಯಕ ಮೋಡ ಸೀಳಿ ಇಳಿಯುತ್ತಿದ್ದ. ಹಿನ್ನೆಲೆಯ ಸಿಳ್ಳೆ ಎರಡು ಸಲ ಏರಿ, ಕೊನೆಯಲ್ಲಿ ಉಸಿರು ಸಾಲದೆ ತಗ್ಗಿತು. ತೀರಿಹೋದ ಅಪ್ಪ ಸಂಜೆ ಸೈಕಲ್ ಒಳಗೆ ತರುವಾಗ ಹಾಕುತ್ತಿದ್ದುದು ಹೀಗೆಯೇ ಇರಬೇಕು.

“ಮ್ಯೂಸಿಕ್ ನೋಡಲೇ! ಪಾರ್ಟ್ ಒನ್ನು ಇದರ ಮುಂದೆ ಏನೂ ಅಲ್ಲ!” ಹಿಂದಿನ ಸಾಲು ಕೂಗಿತು. ಕಾಗದದ ಚೂರುಗಳು ಹಾರಿದವು.

ತೀರಿಹೋದವರ ದನಿಯನ್ನು ಸಿನಿಮಾಗೆ ಕೊಟ್ಟ ಮನೆಯವರಿಗೆ ಮೊದಲ ದಿನದ ಟಿಕೆಟ್ ಉಚಿತ. ಕೊಟ್ಟ ದನಿ ಮನೆಯವರೆಲ್ಲರ ನೆನಪಿನಿಂದ ಅಳಿಸಿಹೋಗುತ್ತದೆ. ಮತ್ತೆ ಕೇಳುವುದು ಪರದೆಯ ಮುಂದೆ ಮಾತ್ರ. ಹಾಗಾಗಿ ಅರ್ಜಿಗೆ ಎಲ್ಲರ ಸಹಿ ಬೇಕು.

“ಕೊಟ್ರಣ್ಣಾ, ಟಿಕೆಟ್ ಎಲ್ಲಿ ಸಿಕ್ವು?”

ಪಕ್ಕದಲ್ಲಿದ್ದ ಅಣ್ಣ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಆರು ತಿಂಗ್ಳ ಹಿಂದೆ ಅರ್ಜಿ ಕೊಟ್ಟೆ, ನಿನ್ ಸಹೀನೂ ನಾನೇ ಹಾಕ್ದೆ. ಕೇಳಿದ್ರೆ ನೀ ಬ್ಯಾಡ ಅಂತಿದ್ದಿ. ಅಪ್ಪಂದು ಊರೆಲ್ಲಾ ಕೇಳ್ಲಿ ಬಿಡಲೇ.”

ಸುತ್ತಲೂ ನೂರಾರು ಜನ ಅದೇ ಸಿಳ್ಳೆ ಹಾಕತೊಡಗಿದರು. ತಿಪ್ಪೇಶನೂ ಚಪ್ಪಾಳೆ ತಟ್ಟಿದ. ಅಪ್ಪನ ಸಿಳ್ಳೆಯನ್ನೇ ಮರೆತೆನಲ್ಲ ಎಂದು ಆರು ತಿಂಗಳಿಂದ ತನ್ನನ್ನು ಶಪಿಸಿಕೊಳ್ಳುತ್ತಿದ್ದುದನ್ನು ಅವನು ಅಣ್ಣನಿಗೆ ಎಂದೂ ಹೇಳಲಿಲ್ಲ.