ಕುದಿಸಿದ ತಂತಿ

ಚೈತ್ರದ ಬಿಸಿಲು ಇಳಿಯುವ ಹೊತ್ತಿಗೆ ಮೇರವ್ವ ತೀರಿಹೋದ ಗಂಡ ದೇವದಾನನ ಬೇಸ್ ಗಿಟಾರ್ ಹೊತ್ತುಕೊಂಡು ನನ್ನಲ್ಲಿಗೆ ಬಂದಳು. ಬಾರಿಸಿದವರು ಸತ್ತ ಮೇಲೂ ಅವರ ಕೈ ತಂತಿಯಲ್ಲಿ ಉಳಿಯುತ್ತದೆ. ಆಂಪ್ಲಿಫೈಯರಿಗೆ ಜೋಡಿಸಿದರೆ ತಾನೇ ನುಡಿಯುತ್ತದೆ. ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಡ್ರಮ್ಸ್ ಬಾರಿಸುತ್ತಿದ್ದುದು ಅವನು ತೀರಿದ ಮೇಲೂ ಅವನ ಜೊತೆಗೇ. ಬರಬರುತ್ತ ತಂತಿಗೆ ಜಿಡ್ಡು ಹಿಡಿದು ಅವನ ದನಿ ಮಂಕಾಗಿ, ಗಿಟಾರ್ ಮೇರವ್ವನ ಮನೆ ಸೇರಿತ್ತು.

“ದಸ್ತಗೀರಣ್ಣಾ, ತಂತಿ ಕುದಿಸ್ರಿ. ಬುಧವಾರ ಮಗಳ ಮದುವಿ ಐತಿ.”

“ಕುದಿಸಿದ್ರ ಒಂದ ಸಲ ಚಂದಾಗಿ ಬಾರಿಸ್ತಾನ, ತಂಗೀ. ಆಮ್ಯಾಲ ಹೊಂಟ್ ಹೋಗ್ತಾನ.”

“ಮನ್ಯಾಗ ನನಗೊಬ್ಬಾಕಿಗೆ ಪಿಸುಗುಟ್ಟಿದ್ದು ಸಾಕು. ಮಗಳೂ ಕೇಳ್ಲಿ.”

ಅನ್ನದ ಪಾತ್ರೆಯಲ್ಲಿ ನಾಲ್ಕೂ ತಂತಿ ಕುದಿಸಿ, ಒರೆಸಿ ಕಟ್ಟಿದೆ.

ಮದುವೆಯ ಹಂದರದಲ್ಲಿ ದೇವದಾನ ಎದೆಗೆ ತಾಗುವಂತೆ ಬಾರಿಸಿದ. ಯಾವತ್ತಿನಂತೆ ನನಗಿಂತ ಕೂದಲೆಳೆಯಷ್ಟು ಹಿಂದೆ.

“ನಿಮ್ಮಪ್ಪ ನನ್ನ ನೋಡಾಕ ಬಂದಾಗೂ ತಡಾನ ಮಾಡಿದ್ದ,” ಎಂದು ಮೇರವ್ವ ಮಗಳ ಕೈ ಹಿಡಿದು ನಕ್ಕಳು.

ಕೊನೆಯ ಪೆಟ್ಟು ಹಾಕಿ, ಕೋಲು ಎತ್ತಿ ಹಿಡಿದು ಕಾದೆ. ಅವನ ಸ್ವರ ತಡವಾಗಿಯೇ ಬಂತು, ಬಹಳ ಹೊತ್ತು ನಿಂತಿತು.

ದೇವದಾನ ಹೋದದ್ದು ಆ ಬುಧವಾರ.