ಫಕೀರವ್ವ ಓದಿದ ವಿಡಿಯೊ

ಜಾಲತಾಣದ ತಮ್ಮ ಪೇಜಿನಲ್ಲಿ ದಿನವೂ ಜನ ಮೆಚ್ಚುವ ವಿಡಿಯೊ ಹಾಕದ ಶಿಕ್ಷಕರಿಗೆ ಮರುದಿನ ಶಾಲೆಯ ಗೇಟು ತೆರೆಯುತ್ತಿರಲಿಲ್ಲ. ಗದಗಿನ ಶಿವಲೀಲಾ ಟೀಚರಿಗೆ ವಿಡಿಯೊ ಹಾಕುವುದು ಹಲ್ಲುಜ್ಜುವಷ್ಟೇ ರೂಢಿಯಾಗಿತ್ತು. ಅಂದು ಸಂಜೆಯಾದರೂ ಹಾಕಲು ಏನೂ ಸಿಕ್ಕಿರಲಿಲ್ಲ. ಆಗ, ಮಾತು ತೊದಲುತ್ತದೆಂದು ವರ್ಷವಿಡೀ ತರಗತಿಯಲ್ಲಿ ಬಾಯಿ ಬಿಡದಿದ್ದ ಹುಡುಗಿ ಫಕೀರವ್ವ ಪುಸ್ತಕ ಹಿಡಿದು ಬಂದು ಮೆಲ್ಲಗೆ ಓದತೊಡಗಿದಳು. ಟೀಚರ್ ಕೈ ತಾನಾಗಿ ಫೋನೆತ್ತಿತು.

“ಬ್ಯಾಡ್ರೀ ಟೀಚರ್. ನಿಮಗಷ್ಟ ಓದಿ ತೋರಸ್ತೇನ್ರೀ.”

“ನಾಳೆ ನನ್ನ ಒಳಗ ಬಿಡಂಗಿಲ್ಲವ್ವಾ. ಒಂದ ಸಲ ಓದು.”

ಹುಡುಗಿ ಅಳುತ್ತ, ತೊದಲುತ್ತ ಓದಿದಳು. ಬೆಳಗಾಗುವುದರೊಳಗೆ ನಾಡೆಲ್ಲ ಅದನ್ನು ನೋಡಿ ಟೀಚರನ್ನು ಕೊಂಡಾಡಿತು.

ಮರುದಿನ ಟೀಚರ್ ಸಲೀಸಾಗಿ ತರಗತಿಗೆ ಹೋದರು. ಫೋನನ್ನು ಚೀಲದೊಳಗೆ ಹಾಕಿ, “ಬಾರವ್ವ, ನನಗಷ್ಟ ಓದು,” ಎಂದು ಕರೆದರು. ಫಕೀರವ್ವ ತುಟಿ ಬಿಗಿಹಿಡಿದು ಕೂತಳು. ಮತ್ತೆಂದೂ ಆ ಶಾಲೆಯಲ್ಲಿ ಮಾತಾಡಲಿಲ್ಲ.