ಯಾವ ದೇಶದ ನೀರು

"ಲುಂಬಿ, ಇಲ್ಲಿ ಬಾ. ಇದು ಯಾವ ದೇಶ ನೋಡು."

ಹೊರಸಿನ ಮೇಲೆ ಒರಗಿದ್ದ ಸೂರ್ಯಕಾಂತ ಮೊಬೈಲನ್ನು ಮಗಳ ಮೂಗಿನ ತನಕ ತಂದು ಹಿಡಿದ. ಹಸಿರೋ ನೀಲಿಯೋ ಹೇಳಲಾಗದ ನೀರು, ಅದರ ಮೇಲೆ ಬೆಳಗಿನ ಮಂಜು, ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಕಲ್ಲಿನ ಗೋಡೆ, ಎಲ್ಲಿಂದಲೋ ಕೊಳಲಿನ ದನಿ. ನೀರಿನ ನಡುವೆ ಅಕ್ಷರಗಳು ಒಂದೊಂದಾಗಿ ತೇಲಿ ಬಂದವು: 'ನಿಂತ ನೀರಿಗೂ ಆಕಾಶ ಸಿಗುತ್ತದೆ.'

ಲುಂಬಿನಿ ಪರದೆಯತ್ತ ಬಾಗಿದಳು. ಅದು ಅವಳೇ ಮಾಡಿದ ವಿಡಿಯೋ. ಹೋದ ವಾರ ಊರ ಹೆಸರು ಹಾಕದೆ ತನ್ನ ಪುಟ್ಟ ಚಾನೆಲ್ಲಿಗೆ ಏರಿಸಿದ್ದಳು. ಅದು ಕೈಯಿಂದ ಕೈಗೆ ತಿರುಗಿ, ಯಾವನೋ ಪುಣ್ಯಾತ್ಮನಿಂದ 'ಸ್ವಿಟ್ಜರ್ಲೆಂಡಿನ ಸ್ವರ್ಗ' ಎಂದು ಹೆಸರಿಡಿಸಿಕೊಂಡು, ಅಪ್ಪನ ಗೆಳೆಯ ಗುಲಾಮ ದಸ್ತಗೀರನ ಮೂಲಕ ಶಹಾಬಾದದ ಇದೇ ಮನೆಗೆ ಬಂದು ಬಿದ್ದಿತ್ತು. ಆ ನೀರು ಇರುವುದು ಊರಾಚೆಯ ಹಳೆಯ ಗಣಿಯಲ್ಲಿ. ಸೂರ್ಯಕಾಂತ ಹರೆಯದಿಂದ ತಲೆ ನರೆಯುವವರೆಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಎಬ್ಬಿಸಿದ ಗಣಿ ಅದು.

ಮಾಲೀಕ ಗಣಿ ಮುಚ್ಚಿ, ನೀರೆತ್ತುವ ಮೋಟಾರು ನಿಲ್ಲಿಸಿದ ಮೇಲೆ ಅವನು ಆ ಕಡೆ ಹಾಯ್ದಿರಲಿಲ್ಲ. ಅವನ ಕಣ್ಣಲ್ಲಿ ಅದಿನ್ನೂ ಧೂಳೆದ್ದ ಒಣ ನೆಲ. "ಮಂದಿ ಮನಿ ಕಟ್ಟತಾರ, ಭಾವಿ ಕಟ್ಟತಾರ. ನಾ ಜಿಂದಗಿ ಪೂರಾ ಒಂದು ತೆಗ್ಗು ತೋಡೀನಿ" ಎನ್ನುತ್ತ ಹೊರಸು ಹಿಡಿದವನು ಜಪ್ಪಯ್ಯ ಎಂದರೂ ಏಳುತ್ತಿರಲಿಲ್ಲ. ಅವನನ್ನು ಎಬ್ಬಿಸಲೆಂದೇ ಲುಂಬಿನಿ ದಿನಾ ಬೆಳಿಗ್ಗೆ ಒಳ್ಳೊಳ್ಳೆಯ ವಿಡಿಯೋ ಹುಡುಕಿ ತೋರಿಸುವಳು. ಒಂಟಿ ಕಾಲಿನವನು ಬೆಟ್ಟ ಹತ್ತಿದ, ಮುದುಕಿ ಹೊಳೆ ಈಜಿದಳು. ಸೂರ್ಯಕಾಂತ ಕಣ್ಣೀರು ಒರೆಸಿಕೊಂಡು ಅದನ್ನು ಬಂಧುಬಳಗಕ್ಕೆಲ್ಲ ಕಳಿಸಿ, ಮಗ್ಗುಲು ಬದಲಿಸಿ ಮಲಗುವನು. ಪರರ ವಿಡಿಯೋ ಸಾಕೆನಿಸಿಯೇ ಅವಳು ತಾನೇ ಮಾಡತೊಡಗಿದ್ದು.

"ಸಾಯೂದರೊಳಗ ಇಂಥಾ ಜಾಗಾ ಒಮ್ಮೆ ನೋಡಬೇಕು ನೋಡವ್ವ" ಎಂದ ಸೂರ್ಯಕಾಂತ. ಎಷ್ಟೋ ದಿನದ ಮೇಲೆ ಅವನ ಬಾಯಿಂದ 'ಬೇಕು' ಎಂಬ ಮಾತು ಬಂದಿತ್ತು.

"ನಡಿ ಅಪ್ಪಾ, ಈಗೇ ಹೋಗಮು. ಸ್ಕೂಟಿ ಮ್ಯಾಲ."

"ಸ್ಕೂಟಿ ಮ್ಯಾಲ ಪರದೇಶಕ್ಕ?"

"ಹೋಗ್ರಿ, ಮಗಳು ಕರೀಲಿಕತ್ತಾಳ" ಎಂದಳು ಒಳಗಿನಿಂದ ಲುಂಬಿನಿಯ ತಾಯಿ ದ್ರೌಪದಿ. "ಚಪ್ಪಲ್ ಹಾಕ್ಕೊಂಡು ಹೋಗ್ರಿ, ಅಲ್ಲಿ ಕಲ್ಲು ಭಾಳ ಚುಚ್ಚತಾವ." ಅದು ಎಲ್ಲಿಯ ನೀರೆಂದು ಅವಳಿಗೆ ಗೊತ್ತಿತ್ತು. ಗಂಡ ಬೆಳಗಿನ ರೊಟ್ಟಿ ಉಣ್ಣುವಾಗ ನಿಲ್ಲಿಸಿದ್ದ ಖಾರ ಕುಟ್ಟುವುದನ್ನು ಈಗಷ್ಟೇ ಮತ್ತೆ ಹಿಡಿದಿದ್ದಳು. ಉಣ್ಣುವಾಗ ಕುಟ್ಟುವುದನ್ನು ನಿಲ್ಲಿಸುವುದು ಗಣಿಯಿಂದ ಮನೆಗೆ ಬಂದ ರೂಢಿ. ಯಾರೇ ಬುತ್ತಿ ಬಿಚ್ಚಿದರೂ ಗಣಿಯಲ್ಲಿ ಸುತ್ತಿಗೆ ನಿಲ್ಲಬೇಕು, ಇಲ್ಲದಿದ್ದರೆ ಕಲ್ಲಿನ ಚೂರು ಸಿಡಿದು ರೊಟ್ಟಿಗೆ ಬೀಳುತ್ತದೆ. ಗಣಿ ಮುಚ್ಚಿದರೂ ಸೂರ್ಯಕಾಂತ ಆ ರೂಢಿ ಬಿಟ್ಟಿರಲಿಲ್ಲ.

ಸ್ಕೂಟಿ ಹೊರಟಿತು. ಕಲ್ಲು ಪಾಲಿಶ್ ಮಾಡುವ ಅಂಗಳಗಳು ಹಿಂದೆ ಸರಿದವು. ಒಂದರ ಬೆನ್ನಿಗೊಂದು ಒರಗಿ ನಿಂತ ಫರಸಿಗಳು ಎಳೆಬಿಸಿಲಲ್ಲಿ ನಿದ್ದೆಗಣ್ಣಾಗಿದ್ದವು. ಸ್ಕೂಟಿ ಗಣಿಯ ಹಾದಿಗೆ ಹೊರಳಿದ್ದೇ ತಡ, ಹಿಂದಿನಿಂದ ಭುಜ ಹಿಡಿದಿದ್ದ ಕೈ ಬಿಗಿಯಿತು.

"ಈ ದಾರಿ ಬ್ಯಾಡ ಲುಂಬಿ. ಗಾಡಿ ತಿರುಗ್ಸು."

ಲುಂಬಿನಿಗೆ ಅಳು ಬಂತು. ಈಗ ತಿರುಗಿಸಿದರೆ ಅಪ್ಪ ಇನ್ನೆಂದೂ ಹೊರಸಿನಿಂದ ಏಳುವುದಿಲ್ಲ. ಅವಳು ಗಾಡಿ ತಿರುಗಿಸಲಿಲ್ಲ. "ಇದೇ ದಾರಿ ಅಪ್ಪಾ. ನಿನ್ನಾಣಿ, ಇದೇ."

ಗಣಿಯ ಅಂಚಿನಲ್ಲಿ ಸೂರ್ಯಕಾಂತ ಇಳಿದು ನಿಂತ. ನೀರನ್ನು ನೋಡಿದ, ಮೊಬೈಲು ನೋಡಿದ, ಮತ್ತೆ ನೀರು ನೋಡಿದ. ಕೆಳಗೆ ಮೋಡಗಳು ಸದ್ದಿಲ್ಲದೆ ನಡೆಯುತ್ತಿದ್ದವು. ಗಾಳಿ ಬೀಸಿದಾಗ ಆಕಾಶ ಒಂದಿಷ್ಟು ಅಲುಗಿ ಮತ್ತೆ ತನ್ನ ಜಾಗಕ್ಕೆ ಬಂದು ಕೂಡುತ್ತಿತ್ತು.

"ಇಷ್ಟು ನೀರು ಎಲ್ಲಿಂದ ಬಂತು?" ದನಿ ತೀರಾ ಸಣ್ಣದಾಗಿತ್ತು.

"ಬರೂದು ಬರ್ತಿತ್ತು ಅಪ್ಪಾ. ನಿಲ್ಲಲಿಕ್ಕ ಜಾಗಾ ಬೇಕಿತ್ತಲ್ಲ, ನೀ ಮಾಡಿದಿ."

ಅವನ ಕಣ್ಣು ಎದುರಿನ ಗೋಡೆಯ ಗುಂಟ ತಡಕಾಡುತ್ತ ಹೋಗಿ, ನೀರಿಗಿಂತ ತುಸು ಮೇಲೆ ಮೆಟ್ಟಿಲಿನಂತೆ ಚಾಚಿದ್ದ ಒಂದು ಅಗಲ ಕಲ್ಲಿನ ಪದರದ ಮೇಲೆ ನಿಂತಿತು. "ಆ ಪಡಿ ಕಾಣ್ತದೇನು? ನಾನೂ ದಸ್ತಗೀರನೂ ಅಲ್ಲೇ ಬುತ್ತಿ ಬಿಚ್ಚತಿದ್ದೆವು" ಎಂದ. ಅವನ ಕಣ್ಣುಗಳು ತುಂಬಿದ್ದವು. ಈ ಸಲ ಒರೆಸಿಕೊಳ್ಳುವುದನ್ನು ಮರೆತಿದ್ದ.

ಲುಂಬಿನಿ ಖುಷಿ ತಾಳಲಾರದೆ ಮೊಬೈಲು ಎತ್ತಿ ಹಿಡಿದಳು. "ಅಪ್ಪಾ, ಮಂದಿಗಿ ಎರಡು ಮಾತು ಹೇಳು. ಜೋರಾಗಿ ಹೇಳು. ವಿಡಿಯೋದಾಗ ಹಾಕ್ತೀನಿ, ಎಲ್ಲಾರೂ ಕೇಳಲಿ."

ಸೂರ್ಯಕಾಂತ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ. ಅಷ್ಟರಲ್ಲಿ ಒಂದು ಬೆಳ್ಳಕ್ಕಿ ನೀರಿನಿಂದ ಮೀನು ಕಚ್ಚಿಕೊಂಡು ಎದ್ದು, ತನ್ನದೇ ಮನೆ ಎಂಬಂತೆ ಆ ಪದರದ ಮೇಲೆ ಇಳಿಯಿತು.

ಅವನು ಮೆಲ್ಲಗೆ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಮಗಳ ಕೈ ಹಿಡಿದು ಕೆಳಗಿಳಿಸಿದ.

"ಗಪ್ಪ ಕುಂದರು. ಅದು ಉಣ್ಲಿಕತ್ತದ."